ಕತ್ತಲೆಯ ನಡುವೆ ಬೆಳಕನ್ನು ಉಳಿಸಿದ ರೆಂಬ್ರಾಂಟ್

ಪವಿತ್ರ ಹೃದಯದ ಪಟವಿಲ್ಲದ ಕ್ರೈಸ್ತ ಮನೆ ನಮ್ಮಲ್ಲಿ ಅಪರೂಪ. ಅದರ ಪಕ್ಕದಲ್ಲಿ ಮಾತೆ ಮರಿಯಮ್ಮನವರ ಪಟ, ಸಂತ ಅಂತೋಣಿಯವರ ಪಟ, ಪ್ರಾರ್ಥನೆ ಪುಸ್ತಕದ ಹಾಳೆಗಳ ನಡುವೆ ಮೊದಲ ಪರಮಪ್ರಸಾದದ ದಿನ ಸಿಕ್ಕಿದ ಪುಟ್ಟ ಚಿತ್ರ. ಇವೆಲ್ಲ ಬಣ್ಣದ ಚಿತ್ರಗಳು. ಆದರೆ ಪ್ರಿಯ ಓದುಗರೇ, ಸುಮಾರು 400 ವರ್ಷಗಳ ಹಿಂದೆ ಯೂರೋಪಿನಲ್ಲಿ ಬಣ್ಣದ ತೈಲಚಿತ್ರವೆಂದರೆ ದೊಡ್ಡ ದೇವಾಲಯಗಳಿಗೆ, ಅರಮನೆಗಳಿಗೆ, ಹಣವಂತರ ಮನೆಗಳಿಗೆ ಮೀಸಲಾದ ವಸ್ತು. ಸಾಧಾರಣ ಕುಟುಂಬಗಳ ಕೈಗೆ ಎಟುಕುತ್ತಿದ್ದದ್ದು ಹೆಚ್ಚಾಗಿ ಕಪ್ಪು ಬಿಳುಪಿನ ಅಚ್ಚುಚಿತ್ರ. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಶಾಯಿ ತುಂಬಿ, ಕಾಗದಕ್ಕೆ ಒತ್ತಿ ತೆಗೆದ ಚಿತ್ರ ಅದು.

1563ರಲ್ಲಿ ಟ್ರೆಂಟ್ ಮಹಾಸಭೆಯು ಪವಿತ್ರ ಚಿತ್ರಗಳು ಜನರಿಗೆ ವಿಶ್ವಾಸದ ಪಾಠ ಹೇಳಿಕೊಡಬೇಕೆಂದು ಬೋಧಿಸಿತು. ಅದರ ಬಳಿಕ ಈ ಅಚ್ಚುಚಿತ್ರಗಳಿಗೆ ಹೊಸ ಮಹತ್ವ ಬಂತು. ಬರೋಕ್ ಎಂದು ಕರೆಯಲಾಗುವ ಆ ಕಾಲದ ಕಲೆಯಲ್ಲಿ ಎಲ್ಲವೂ ಚಲನೆ, ಎಲ್ಲವೂ ಭಾವ. ಒಂದು ಕಡೆಯಿಂದ ಬೆಳಕು ಸುರಿಯುತ್ತದೆ, ಮತ್ತೊಂದು ಕಡೆ ಕತ್ತಲೆ ಕವಿಯುತ್ತದೆ. ಕಥೋಲಿಕ ನಗರವಾದ ಆಂಟ್‌ವರ್ಪ್‌ನಲ್ಲಿ ಪ್ರಸಿದ್ಧ ಕಲಾವಿದ ರೂಬೆನ್ಸ್ ತನ್ನ ಪೀಠಚಿತ್ರಗಳನ್ನು ನುರಿತ ಕೆತ್ತನೆಗಾರರಿಂದ ತಾಮ್ರಕ್ಕೆ ಇಳಿಸಿ ದೂರದೂರಕ್ಕೆ ಹಂಚಿದ.

ಆದರೆ ಈ ಕಲೆಯಲ್ಲಿ ಎಲ್ಲರಿಗಿಂತ ಆಳಕ್ಕೆ ಇಳಿದವನು ಕಥೋಲಿಕ ನಾಡಿನವನಲ್ಲ. ಪ್ರೊಟೆಸ್ಟೆಂಟ್ ಹಾಲೆಂಡಿನ ರೆಂಬ್ರಾಂಟ್ ಆತ. ಅವನ ಬದುಕು ಸಂತನ ಬದುಕಾಗಿರಲಿಲ್ಲ. ಅದರಲ್ಲಿ ದುಃಖವಿದೆ, ದುಂದುವೆಚ್ಚವಿದೆ, ಒಬ್ಬ ಹೆಣ್ಣಿಗೆ ಮಾಡಿದ ಅನ್ಯಾಯವೂ ಇದೆ. ಆದರೂ ಪ್ರಭು ಯೇಸುವಿನ ಕರುಣೆಯನ್ನು ಅವನಷ್ಟು ಹತ್ತಿರದಿಂದ ಕಾಗದದ ಮೇಲೆ ತೋರಿಸಿದವರು ವಿರಳ. ಇದು ಹೇಗೆ ಸಾಧ್ಯವಾಯಿತು? ಬನ್ನಿ, ಅವನ ಜೀವನದ ಹಾದಿಯಲ್ಲಿ ಒಂದಿಷ್ಟು ನಡೆದು ನೋಡೋಣ.

ಗಿರಣಿಯವನ ಮಗ

ರೆಂಬ್ರಾಂಟ್ ಹುಟ್ಟಿದ್ದು 1606ರ ಜುಲೈ 15ರಂದು, ಹಾಲೆಂಡಿನ ಲೈಡನ್ ನಗರದಲ್ಲಿ. ತಂದೆ ಹಾರ್ಮೆನ್ ಧಾನ್ಯ ಬೀಸುವ ಗಿರಣಿಯ ಒಡೆಯ. ತಾಯಿ ನೀಲ್ಟ್ಯೆ ಬ್ರೆಡ್ ತಯಾರಿಸುವವರ ಮಗಳು. ತಂದೆ ಪ್ರೊಟೆಸ್ಟೆಂಟ್ ಸಭೆಗೆ ಸೇರಿದ್ದರೂ ತಾಯಿಯ ಕಡೆಯ ಬಂಧುಗಳು ಕಥೋಲಿಕರಾಗಿದ್ದರು. ಮಗ ಓದಿ ದೊಡ್ಡವನಾಗಲೆಂದು ಹೆತ್ತವರು ಅವನನ್ನು ಲ್ಯಾಟಿನ್ ಶಾಲೆಗೆ ಕಳುಹಿಸಿದರು. 1620ರಲ್ಲಿ ಲೈಡನ್ ವಿಶ್ವವಿದ್ಯಾಲಯದಲ್ಲಿ ಅವನ ಹೆಸರೂ ದಾಖಲಾಯಿತು. ಆದರೆ ಹುಡುಗನ ಮನಸ್ಸೆಲ್ಲ ಚಿತ್ರದ ಕಡೆಗೇ ಇತ್ತು.

ಊರಿನ ಕಲಾವಿದರೊಬ್ಬರ ಬಳಿ ಸುಮಾರು ಮೂರು ವರ್ಷ ಕಲಿತ ಮೇಲೆ ಆತ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಪೀಟರ್ ಲಾಸ್ಟ್‌ಮನ್ ಎಂಬ ಗುರುವಿನ ಬಳಿ ಆರು ತಿಂಗಳಷ್ಟು ಕಾಲ ಇದ್ದ. ಲಾಸ್ಟ್‌ಮನ್ ಕಥೋಲಿಕ. ಬೈಬಲ್ಲಿನ ಘಟನೆಯೊಂದನ್ನು ನಾಟಕದಂತೆ ಕಣ್ಣ ಮುಂದೆ ತಂದು ನಿಲ್ಲಿಸುವ ಬಗೆ, ಗುಂಪಿನಲ್ಲಿ ಯಾರನ್ನು ಎಲ್ಲಿ ಇಡಬೇಕೆಂಬ ವಿವೇಕ, ಇವನ್ನು ರೆಂಬ್ರಾಂಟ್ ಅವನಿಂದ ಕಲಿತ. ಅಂದಿನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಥೋಲಿಕರು ಬಹಿರಂಗವಾಗಿ ಪೂಜೆ ನಡೆಸುವಂತಿರಲಿಲ್ಲ. ಹೊರಗಿನಿಂದ ಸಾಧಾರಣ ಮನೆಯಂತೆ ಕಾಣುವ ಕಟ್ಟಡಗಳ ಒಳಗೆ, ಕೆಲವೊಮ್ಮೆ ಅಟ್ಟದ ಮೇಲೆ, ಪೀಠ ಕಟ್ಟಿ ಬಲಿಪೂಜೆ ಅರ್ಪಿಸುತ್ತಿದ್ದರು. ಪ್ರೊಟೆಸ್ಟೆಂಟ್ ದೇವಾಲಯಗಳ ಗೋಡೆಗಳ ಮೇಲೆ ಪವಿತ್ರ ಚಿತ್ರಗಳಿಗೆ ಜಾಗವಿರಲಿಲ್ಲ. ಇಂಥ ಊರಿನಲ್ಲಿ ಶುಭಸಂದೇಶದ ಚಿತ್ರಗಳಿಗೆ ಉಳಿದಿದ್ದ ಸ್ಥಳ ಮನೆ. ಕೈಯಲ್ಲಿ ಹಿಡಿದು, ಮೇಜಿನ ಮೇಲೆ ಹರಡಿ, ದೀಪದ ಬಳಿ ಕುಳಿತು ನೋಡುವ ಅಚ್ಚುಚಿತ್ರಕ್ಕೆ ಇದು ತಕ್ಕ ಊರಾಗಿತ್ತು.

ತಾಮ್ರ, ಮೇಣ ಮತ್ತು ಸೂಜಿ

ರೆಂಬ್ರಾಂಟ್ ತನ್ನ ಜೀವನದಲ್ಲಿ ಸುಮಾರು 300 ಅಚ್ಚುಚಿತ್ರಗಳನ್ನು ಮಾಡಿದ. ರೂಬೆನ್ಸ್ ಬೇರೆಯವರಿಂದ ಮಾಡಿಸಿದ ಕೆಲಸವನ್ನು ಈತ ತನ್ನ ಕೈಯಾರೆ ಮಾಡಿದ. ಆ ಕೆಲಸದ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಅವನ ಚಿತ್ರಗಳು ನಿಮಗೆ ಹೆಚ್ಚು ಅರ್ಥವಾಗುತ್ತವೆ.

ನಯವಾಗಿ ಉಜ್ಜಿದ ತಾಮ್ರದ ತಗಡಿಗೆ ಮೊದಲು ಮೇಣ ಮತ್ತು ರಾಳ ಬೆರೆಸಿದ ತೆಳು ಲೇಪ ಹಚ್ಚುತ್ತಾರೆ. ಆ ಲೇಪದ ಮೇಲೆ ಸೂಜಿಯಿಂದ ಚಿತ್ರ ಬರೆದಾಗ ಗೆರೆ ಹೋದಲ್ಲೆಲ್ಲ ತಾಮ್ರ ಹೊರಗೆ ಕಾಣುತ್ತದೆ. ಅನಂತರ ತಗಡಿಗೆ ಆಮ್ಲ ಸೋಕಿಸುತ್ತಾರೆ. ಮೇಣವಿರುವ ಕಡೆ ಆಮ್ಲಕ್ಕೆ ದಾರಿಯಿಲ್ಲ. ಗೆರೆಯಿರುವ ಕಡೆ ಅದು ತಾಮ್ರವನ್ನು ತಿಂದು ಸಣ್ಣ ಕಾಲುವೆ ಮಾಡುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಗೆರೆ ಆಳವಾಗುತ್ತದೆ, ಚಿತ್ರದಲ್ಲಿ ಹೆಚ್ಚು ಕಪ್ಪಾಗುತ್ತದೆ. ಕೊನೆಗೆ ಮೇಣ ತೆಗೆದು, ಗೆರೆಗಳಿಗೆ ಶಾಯಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಮಾಡಿದ ಕಾಗದವಿಟ್ಟು ಉರುಳೆಗಳ ನಡುವೆ ಒತ್ತಿದರೆ ಚಿತ್ರ ಸಿದ್ಧ. ಆಮ್ಲವಿಲ್ಲದೆ ಸೂಜಿಯಿಂದ ನೇರವಾಗಿ ತಾಮ್ರವನ್ನೇ ಗೀರುವುದೂ ಉಂಟು. ಆಗ ಗೆರೆಯ ಅಂಚಿನಲ್ಲಿ ಎದ್ದು ನಿಲ್ಲುವ ಲೋಹದ ಸಣ್ಣ ಹೊಪ್ಪಳೆಗಳು ಶಾಯಿಯನ್ನು ಹಿಡಿದುಕೊಂಡು ಮಖಮಲ್ಲಿನಂಥ ಮೆತ್ತನೆಯ ಕಪ್ಪನ್ನು ಕೊಡುತ್ತವೆ. ಆದರೆ ಕೆಲವೇ ಪ್ರತಿಗಳನ್ನು ಒತ್ತುವಷ್ಟರಲ್ಲಿ ಅವು ಸವೆದುಹೋಗುತ್ತವೆ.

ಇಲ್ಲಿ ಒಂದು ಮಾತನ್ನು ಗಮನಿಸಿ. ತೈಲಚಿತ್ರ ಬರೆಯುವವನು ಬೆಳಕು ಬೇಕಾದಾಗ ಬಿಳಿ ಬಣ್ಣವನ್ನು ಹಚ್ಚಬಹುದು. ಅಚ್ಚುಚಿತ್ರದವನಿಗೆ ಬಿಳಿ ಬಣ್ಣವೇ ಇಲ್ಲ. ಅವನ ಕೈ ಹಾಕುವ ಪ್ರತಿಯೊಂದು ಗೆರೆಯೂ ಕಪ್ಪೇ. ಬೆಳಕು ಎಂದರೆ ಅವನು ಮುಟ್ಟದೆ ಬಿಟ್ಟ ಕಾಗದ. ಮನುಷ್ಯನ ಕೈ ಮಾಡುವುದು ಕತ್ತಲೆಯನ್ನು. ಬೆಳಕು ಮೊದಲಿನಿಂದಲೂ ಅಲ್ಲೇ ಇರುತ್ತದೆ. ಅದನ್ನು ಕೆಡಿಸದೆ ಉಳಿಸಿಕೊಳ್ಳುವುದೇ ಕಲಾವಿದನ ಜಾಣ್ಮೆ. ರೆಂಬ್ರಾಂಟನ ಬದುಕನ್ನು ಓದುವಾಗ ಈ ಮಾತು ನಿಮ್ಮ ನೆನಪಿನಲ್ಲಿರಲಿ.

ಸಂತೋಷದ ದಿನಗಳು, ಸಾವಿನ ದಿನಗಳು

ಸುಮಾರು 1631ರಲ್ಲಿ ರೆಂಬ್ರಾಂಟ್ ಆಮ್‌ಸ್ಟರ್‌ಡ್ಯಾಮ್‌ಗೆ ಬಂದು ನೆಲೆಸಿದ. ಚಿತ್ರ ವ್ಯಾಪಾರಿಯೊಬ್ಬನ ಬಂಧುವಾದ ಸಾಸ್ಕಿಯಾಳನ್ನು 1634ರಲ್ಲಿ ಮದುವೆಯಾದ. ಅದೇ ವರ್ಷ ಕುರಿಗಾಹಿಗಳಿಗೆ ದೇವದೂತನು ಶುಭವಾರ್ತೆ ತಿಳಿಸುವ ಅಚ್ಚುಚಿತ್ರವನ್ನು ಮಾಡಿದ. ಅದರಲ್ಲಿ ರಾತ್ರಿಯ ಆಕಾಶ ಒಡೆದು ಬೆಳಕು ಸಿಡಿಯುತ್ತದೆ. ದನಕುರಿಗಳು ದಿಕ್ಕಾಪಾಲಾಗಿ ಓಡುತ್ತವೆ. ಕುರಿಗಾಹಿಗಳು ಕೈಯೆತ್ತಿ ನಡುಗುತ್ತಾರೆ. ಇದು ಯುವಕನೊಬ್ಬನ ಬೆಳಕು. ನೋಡುವವರನ್ನು ಬೆರಗುಗೊಳಿಸುವ, ಮೇಲಿನಿಂದ ಗುಡುಗಿನಂತೆ ಎರಗುವ ಬೆಳಕು.

ಹಣ ಹರಿದು ಬಂತು, ಹೆಸರು ಬಂತು. 1639ರಲ್ಲಿ 13,000 ಗಿಲ್ಡರ್ ಬೆಲೆಯ ದೊಡ್ಡ ಮನೆಯನ್ನು ಸಾಲದ ಮೇಲೆ ಕೊಂಡ. ಚಿತ್ರಗಳು, ಶಿಲ್ಪಗಳು, ಆಯುಧಗಳು, ದೂರದೇಶದ ಅಪರೂಪದ ವಸ್ತುಗಳು ಎಂದು ಕಂಡದ್ದನ್ನೆಲ್ಲ ಖರೀದಿಸಿದ. ಆದರೆ ಆ ಮನೆಯೊಳಗೆ ತೊಟ್ಟಿಲು ಮತ್ತೆ ಮತ್ತೆ ಬರಿದಾಯಿತು. 1635ರಲ್ಲಿ ಹುಟ್ಟಿದ ಮೊದಲ ಮಗ ಎರಡು ತಿಂಗಳು ಬದುಕಿದ. 1638ರಲ್ಲಿ ಹುಟ್ಟಿದ ಹೆಣ್ಣುಮಗು ಮೂರು ವಾರ. 1640ರಲ್ಲಿ ಹುಟ್ಟಿದ ಇನ್ನೊಂದು ಹೆಣ್ಣುಮಗು ಕೆಲವೇ ವಾರ. 1641ರಲ್ಲಿ ಹುಟ್ಟಿದ ಟೈಟಸ್ ಮಾತ್ರ ಉಳಿದ. ಮಗುವನ್ನು ಕಳೆದುಕೊಂಡ ತಂದೆತಾಯಂದಿರೇ, ಈ ನಾಲ್ಕು ಸಾಲುಗಳ ಭಾರ ನಿಮಗೆ ಗೊತ್ತು.

1639ರಲ್ಲಿ ಆತ ಮಾಡಿದ ಅಚ್ಚುಚಿತ್ರ ಮಾತೆ ಮರಿಯಮ್ಮನವರ ಮರಣದ್ದು. ಪ್ರೊಟೆಸ್ಟೆಂಟನೊಬ್ಬ ಇಂಥ ಕಥೋಲಿಕ ವಿಷಯವನ್ನು ಆರಿಸಿಕೊಂಡನೆಂಬುದೇ ವಿಶೇಷ. ಚಿತ್ರದ ಮೇಲ್ಭಾಗದಲ್ಲಿ ದೇವದೂತರು ಮೋಡಗಳ ನಡುವೆ ಇಳಿದು ಬರುತ್ತಾರೆ. ಆದರೆ ನಮ್ಮ ಕಣ್ಣು ನಿಲ್ಲುವುದು ಕೆಳಗಿನ ಹಾಸಿಗೆಯ ಮೇಲೆ. ಬಳಲಿದ ತಾಯಿ ದಿಂಬಿಗೆ ಒರಗಿದ್ದಾಳೆ. ಒಬ್ಬ ದಿಂಬನ್ನು ಸರಿಪಡಿಸುತ್ತಾನೆ, ವೈದ್ಯ ನಾಡಿ ಹಿಡಿದು ನೋಡುತ್ತಾನೆ, ಸುತ್ತಲೂ ನೆರೆಹೊರೆಯವರು ಅಳುತ್ತಾರೆ. ರೋಗಿಯ ಕೋಣೆಯನ್ನು ಚೆನ್ನಾಗಿ ಬಲ್ಲ ಕೈ ಬರೆದ ಚಿತ್ರ ಇದು. ಆ ವರ್ಷಗಳಲ್ಲಿ ಹಾಸಿಗೆ ಹಿಡಿದ ಸಾಸ್ಕಿಯಾಳನ್ನು ಆತ ಹಲವು ಬಾರಿ ಬರೆದಿದ್ದಾನೆ. 1642ರ ಜೂನ್ 14ರಂದು, ಮಗನಿಗೆ ಒಂದು ವರ್ಷ ತುಂಬುವ ಮೊದಲೇ, ಆಕೆ ತೀರಿಕೊಂಡಳು. ವಯಸ್ಸು 29. ಜಗತ್ಪ್ರಸಿದ್ಧವಾದ ನೈಟ್ ವಾಚ್ ಚಿತ್ರವನ್ನು ಆತ ಮುಗಿಸಿದ್ದೂ ಅದೇ ವರ್ಷ.

ನೂರು ಗಿಲ್ಡರ್‌ನ ಚಿತ್ರ

ಸುಮಾರು 1648ರಲ್ಲಿ ರೆಂಬ್ರಾಂಟ್ ತನ್ನ ಅತಿ ಪ್ರಸಿದ್ಧ ಅಚ್ಚುಚಿತ್ರವನ್ನು ಮಾಡಿದ. ಅಗಲ ಸುಮಾರು 39 ಸೆಂಟಿಮೀಟರ್, ಎತ್ತರ 28. ಅದರ ಒಂದು ಪ್ರತಿ ನೂರು ಗಿಲ್ಡರ್‌ಗೆ ಮಾರಾಟವಾಗುತ್ತದೆಂಬ ಸುದ್ದಿ ಹಬ್ಬಿ, ಆ ಬೆಲೆಯೇ ಚಿತ್ರದ ಹೆಸರಾಯಿತು. 1654ರಲ್ಲಿ ಕಥೋಲಿಕ ನಗರವಾದ ಬ್ರೂಜ್‌ನ ಧರ್ಮಾಧ್ಯಕ್ಷರಿಗೆ ಬಂದ ಪತ್ರವೊಂದರಲ್ಲೂ ಈ ಬೆಲೆಯ ಪ್ರಸ್ತಾಪವಿದೆ. ಅಂದಿನ ಕೈಕೆಲಸಗಾರನಿಗೆ ಅದು ಹಲವು ತಿಂಗಳ ಸಂಪಾದನೆ.

ಚಿತ್ರದ ವಸ್ತು ಸಂತ ಮತ್ತಾಯರ ಶುಭಸಂದೇಶದ 19ನೇ ಅಧ್ಯಾಯ. ಆ ಅಧ್ಯಾಯದಲ್ಲಿ ಒಂದರ ಹಿಂದೆ ಒಂದು ನಡೆಯುವ ಘಟನೆಗಳನ್ನೆಲ್ಲ ಆತ ಒಂದೇ ಚಿತ್ರದೊಳಗೆ ಕೂಡಿಸಿದ. ನಡುವಿನಿಂದ ತುಸು ಎಡಕ್ಕೆ ಯೇಸುಸ್ವಾಮಿ ನಿಂತಿದ್ದಾರೆ. ಅವರ ಸುತ್ತ ಪ್ರಭೆ. ಬಲಗಡೆ ದಟ್ಟವಾದ ಕತ್ತಲೆ. ಆ ಕತ್ತಲೆಯೊಳಗಿಂದ ರೋಗಿಗಳ ಮೆರವಣಿಗೆಯೇ ಹೊರಟು ಬರುತ್ತದೆ. ಒಬ್ಬನನ್ನು ತಳ್ಳುಗಾಡಿಯಲ್ಲಿ ತಂದಿದ್ದಾರೆ. ಒಬ್ಬಾಕೆ ಪ್ರಭುವಿನ ಪಾದದ ಬಳಿ ಚಾಪೆಯ ಮೇಲೆ ಮಲಗಿದ್ದಾಳೆ. ಬಾಗಿಲಿನ ಕಮಾನಿನ ಕೆಳಗೆ ಒಂಟೆಯೊಂದು ಕಾಣುತ್ತದೆ. ಧನವಂತನ ಬಗ್ಗೆ ಪ್ರಭು ಹೇಳಿದ ಮಾತನ್ನು ನೆನಪಿಸಲು ಅದು ಅಲ್ಲಿದೆ. ಮಗುವನ್ನೆತ್ತಿಕೊಂಡು ಬರುವ ತಾಯಿಯನ್ನು ಪೇತ್ರನು ತಡೆಯುತ್ತಾನೆ. ಪ್ರಭುವಿನ ಕೈ ಪೇತ್ರನನ್ನೇ ತಡೆಯುತ್ತದೆ. ಅವರ ನಡುವೆ ಸಿರಿವಂತ ಯುವಕ ಬಾಯಿಗೆ ಕೈಹಚ್ಚಿ ಚಿಂತೆಯಲ್ಲಿ ಕುಳಿತಿದ್ದಾನೆ.

ಈಗ ಬೆಳಕನ್ನು ನೋಡಿ. ಎಡಗಡೆ ಫರಿಸಾಯರ ಗುಂಪು ತಮ್ಮತಮ್ಮಲ್ಲೇ ವಾದಿಸುತ್ತಿದೆ. ಅವರ ಮೇಲೆ ಬೇಕಾದಷ್ಟು ಬೆಳಕಿದೆ. ಆದರೆ ಅವರನ್ನು ಬರೀ ತೆಳುಗೆರೆಗಳಲ್ಲಿ, ಒಳಗೆ ಏನೂ ಇಲ್ಲದವರಂತೆ ಬರೆದಿದ್ದಾನೆ. ಬಲಗಡೆಯ ದೀನರಿಗೆ ಮಾತ್ರ ಮೈಯಿದೆ, ಮುಖವಿದೆ, ಬಟ್ಟೆಯ ಮಡಿಕೆಯಿದೆ. ಅವರು ಕತ್ತಲೆಯಿಂದ ಬಂದವರು. ಪ್ರಭುವಿನ ಹತ್ತಿರಕ್ಕೆ ಬಂದಷ್ಟೂ ಅವರ ಮುಖ ಬೆಳಗುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಪ್ರಭುವಿನ ಮುಂದೆ ಮೊಣಕಾಲೂರಿ ಬೇಡುವ ಹೆಂಗಸಿನ ಜೋಡಿಸಿದ ಕೈಗಳ ನೆರಳು ಪ್ರಭುವಿನ ನಿಲುವಂಗಿಯ ಮೇಲೆ ಬಿದ್ದಿದೆ. ಆಕೆಯ ಕೈ ಇನ್ನೂ ಅವರನ್ನು ಮುಟ್ಟಿಲ್ಲ, ಆದರೆ ಆಕೆಯ ಪ್ರಾರ್ಥನೆಯ ನೆರಳು ಆಗಲೇ ಮುಟ್ಟಿದೆ. ರೋಗಿಯ ನೆರಳು ತನ್ನ ಬಟ್ಟೆಗೆ ಸೋಕಿತೆಂದು ಪ್ರಭು ಹಿಂದೆ ಸರಿಯಲಿಲ್ಲ.

ಮುಚ್ಚಿಡಲಾಗದ ತಪ್ಪು

ಇಂಥ ಚಿತ್ರವನ್ನು ಮಾಡಿದವನು ತನ್ನ ಮನೆಯಲ್ಲೂ ಹಾಗೆಯೇ ಕರುಣೆ ತೋರಿದನೇ? ಇಲ್ಲವೆಂದೇ ಹೇಳಬೇಕು. ಸಾಸ್ಕಿಯಾ ತೀರಿಕೊಂಡ ಮೇಲೆ ಎಳೆಯ ಟೈಟಸನನ್ನು ನೋಡಿಕೊಳ್ಳಲು ಗೀರ್ಟ್ಯೆ ಎಂಬ ವಿಧವೆ ಮನೆಗೆ ಬಂದಳು. ರೆಂಬ್ರಾಂಟ್ ಆಕೆಯೊಡನೆ ಸಂಸಾರ ಮಾಡಿದ, ತೀರಿಹೋದ ಹೆಂಡತಿಯ ಒಡವೆಗಳನ್ನೂ ಕೊಟ್ಟ. ಅನಂತರ ಅವನ ಮನಸ್ಸು ಮನೆಗೆಲಸಕ್ಕೆ ಬಂದ ಹೆಂಡ್ರಿಕ್ಯೆ ಎಂಬ ಯುವತಿಯ ಕಡೆಗೆ ತಿರುಗಿತು. ಮದುವೆಯ ಮಾತು ಕೊಟ್ಟು ತಪ್ಪಿದನೆಂದು ಗೀರ್ಟ್ಯೆ 1649ರಲ್ಲಿ ದೂರು ಕೊಟ್ಟಳು. ಆಕೆಗೆ ವರ್ಷಕ್ಕೆ 200 ಗಿಲ್ಡರ್ ಕೊಡಬೇಕೆಂದು ತೀರ್ಪಾಯಿತು. ಮರುವರ್ಷ ಆಕೆಯನ್ನು ಗೌಡಾ ಪಟ್ಟಣದ ಬಂದೀಖಾನೆಯಂಥ ಸುಧಾರಣಾಗೃಹಕ್ಕೆ ಸೇರಿಸುವುದರಲ್ಲಿ ರೆಂಬ್ರಾಂಟನ ಕೈಯಿತ್ತು. ಸುಮಾರು ಐದು ವರ್ಷ ಆಕೆ ಅಲ್ಲಿ ಕೊಳೆತಳು.

ನೂರು ಗಿಲ್ಡರ್‌ನ ಚಿತ್ರದ ಶಾಯಿ ಆರುವಷ್ಟರಲ್ಲೇ ನಡೆದ ಸಂಗತಿ ಇದು. ದೀನರನ್ನು ಬೆಳಕಿಗೆ ಕರೆದ ಆ ಕೈಯೇ ಒಬ್ಬ ನಿರ್ಗತಿಕಳನ್ನು ಕತ್ತಲೆಗೆ ತಳ್ಳಿತು. ಇದನ್ನು ಕೇಳಿ ನಿಮಗೆ ಬೇಸರವಾದರೆ ಅದು ಸಹಜ. ದೊಡ್ಡ ಕಲಾವಿದನೆಂಬ ಕಾರಣಕ್ಕೆ ಈ ಪುಟವನ್ನು ಹರಿದು ಹಾಕುವುದು ಸರಿಯಲ್ಲ. ಈ ಪುಟವಿದೆಯೆಂಬ ಕಾರಣಕ್ಕೆ ಅವನ ಚಿತ್ರಗಳಿಗೆ ಬೆನ್ನು ತಿರುಗಿಸಬೇಕಾಗಿಯೂ ಇಲ್ಲ. ನಾವೂ ಭಾನುವಾರ ದೇವಾಲಯದಲ್ಲಿ ಕಣ್ಣೀರು ತಂದು, ಸೋಮವಾರ ಮನೆಯ ಕೆಲಸದವಳನ್ನು ಗದರಿಸುವವರೇ ಅಲ್ಲವೇ?

ಮೂರು ಶಿಲುಬೆಗಳು

1653ರಲ್ಲಿ ರೆಂಬ್ರಾಂಟ್ ಗೊಲ್ಗೊಥಾದ ದೃಶ್ಯವನ್ನು ದೊಡ್ಡ ತಾಮ್ರದ ತಗಡಿನ ಮೇಲೆ ಸೂಜಿಯಿಂದ ನೇರವಾಗಿ ಗೀರಿದ. ಮೂರು ಶಿಲುಬೆಗಳು ಎಂದೇ ಅದರ ಹೆಸರು. ಶುಭ ಶುಕ್ರವಾರ ಸಂತ ಲೂಕರ ಶುಭಸಂದೇಶವನ್ನು ಧ್ಯಾನಿಸುವವರಿಗೆ ಈ ಚಿತ್ರ ಹೊಸದೆನಿಸದು. ನಡುಹಗಲಿನಲ್ಲಿ ಕತ್ತಲೆ ಕವಿದಿದೆ. ಮೇಲಿನಿಂದ ಗೋಪುರದಂತೆ ಅಗಲವಾಗುತ್ತ ಇಳಿಯುವ ಬೆಳಕು ಶಿಲುಬೆಯ ಸುತ್ತ ಬಿದ್ದಿದೆ. ಶತಾಧಿಪತಿ ಕುದುರೆಯಿಂದಿಳಿದು ಮೊಣಕಾಲೂರಿದ್ದಾನೆ. ಒಂದು ಬದಿಯಲ್ಲಿ ಮಾತೆ ಮರಿಯ ಮತ್ತು ಆಪ್ತರು ದುಃಖದಲ್ಲಿ ಕುಸಿದಿದ್ದಾರೆ. ಮುಂಭಾಗದಲ್ಲಿ ಇಬ್ಬರು ಹೆದರಿ ಅಲ್ಲಿಂದ ಹೊರಟುಹೋಗುತ್ತಿದ್ದಾರೆ.

ಕೆಲವು ವರ್ಷಗಳ ಬಳಿಕ ಆತ ಅದೇ ಸವೆದ ತಗಡನ್ನು ಮತ್ತೆ ಕೈಗೆತ್ತಿಕೊಂಡ. ಚೆನ್ನಾಗಿದ್ದ ಎಷ್ಟೋ ಆಕೃತಿಗಳನ್ನು ಉಜ್ಜಿ ಅಳಿಸಿದ. ಮೇಲಿನಿಂದ ಕೆಳಗೆ ಮಳೆಯಂತೆ ಕಪ್ಪು ಗೆರೆಗಳನ್ನು ಎಳೆದ. ಹೊಸ ರೂಪದಲ್ಲಿ ಒಂದು ಬದಿಯ ಶಿಲುಬೆ ಬಹುತೇಕ ಮಾಯವಾಗಿದೆ, ಜನರ ಗುಂಪು ಕತ್ತಲೆಯಲ್ಲಿ ಕರಗಿದೆ. ಉಳಿದಿರುವುದು ಯೇಸುವಿನ ಸುತ್ತಲಿನ ಒಂದಿಷ್ಟು ಬೆಳಕು ಮಾತ್ರ. ಮೊದಲನೆಯ ಚಿತ್ರವನ್ನು ನೋಡುವಾಗ ನಾವು ಗೊಲ್ಗೊಥಾದ ಘಟನೆಯನ್ನು ಕಾಣುತ್ತೇವೆ. ಎರಡನೆಯದನ್ನು ನೋಡುವಾಗ ನಾವೇ ಆ ಕತ್ತಲೆಯೊಳಗೆ ನಿಂತು ತಡಕಾಡುತ್ತೇವೆ. ಈ ಎರಡು ರೂಪಗಳ ನಡುವೆ ಅವನ ಬದುಕಿನಲ್ಲಿ ಏನೆಲ್ಲ ನಡೆಯಿತೆಂಬುದನ್ನು ಈಗ ನೋಡೋಣ.

ಕಿಟಕಿಯ ಬೆಳಕು

1654ರಲ್ಲಿ ಹೆಂಡ್ರಿಕ್ಯೆ ಗರ್ಭಿಣಿಯಾದಳು. ಮದುವೆಯಿಲ್ಲದೆ ರೆಂಬ್ರಾಂಟನೊಡನೆ ಇರುವಳೆಂದು ಪ್ರೊಟೆಸ್ಟೆಂಟ್ ಸಭೆಯ ಹಿರಿಯರು ಆಕೆಯನ್ನು ವಿಚಾರಣೆಗೆ ಕರೆಸಿ, ಪ್ರಭುವಿನ ಭೋಜನದಿಂದ ಹೊರಗಿಟ್ಟರು. ರೆಂಬ್ರಾಂಟ್ ಆಕೆಯನ್ನು ಮದುವೆಯಾಗಬಹುದಿತ್ತು. ಆದರೆ ಮರುಮದುವೆಯಾದರೆ ಸಾಸ್ಕಿಯಾಳ ಆಸ್ತಿ ಕೈತಪ್ಪುವಂತೆ ಆಕೆಯ ಉಯಿಲಿನಲ್ಲಿ ಷರತ್ತಿತ್ತು. ಸಾಲಗಾರನಿಗೆ ಹಣದ ಲೆಕ್ಕ ದೊಡ್ಡದಾಯಿತು, ಅವಮಾನ ಹೆಣ್ಣಿನ ಪಾಲಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಹೆಣ್ಣುಮಗುವಿಗೆ ಜ್ಞಾನಸ್ನಾನವಾಯಿತು. ತೀರಿಹೋದ ಇಬ್ಬರು ಮಕ್ಕಳ ಹೆಸರನ್ನೇ ಈ ಮಗುವಿಗೂ ಇಟ್ಟರು: ಕಾರ್ನೆಲಿಯಾ.

ಅದೇ 1654ರಲ್ಲಿ ಆತ ಮಾಡಿದ ಚಿಕ್ಕ ಅಚ್ಚುಚಿತ್ರವೊಂದನ್ನು ಕುಟುಂಬಸ್ಥರಾದ ನೀವು ನೋಡಲೇಬೇಕು. ಸಾಧಾರಣ ಡಚ್ ಮನೆಯ ಕೋಣೆ. ಮಾತೆ ಮರಿಯ ನೆಲದ ಹತ್ತಿರ ಕುಳಿತು ಮಗುವನ್ನು ಕೆನ್ನೆಗೊತ್ತಿ ಹಿಡಿದಿದ್ದಾಳೆ. ಪಕ್ಕದಲ್ಲಿ ಬೆಕ್ಕೊಂದಿದೆ. ಆಕೆಯ ಬಟ್ಟೆಯಂಚಿನಲ್ಲಿ, ಕಾಲ ಕೆಳಗೆ, ಹಾವೊಂದಿದೆ. ಸಂತ ಜೋಸೆಫರು ಹೊರಗಿನಿಂದ ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದಾರೆ. ಮಾತೆಯ ತಲೆಯ ಸುತ್ತ ಪ್ರಭಾವಲಯವಿದೆಯೇ? ಇದೆ, ಆದರೆ ಕಲಾವಿದ ಅದನ್ನು ಬೇರೆಯಾಗಿ ಬರೆದಿಲ್ಲ. ಆಕೆಯ ತಲೆಯ ಹಿಂದಿರುವ ಕಿಟಕಿಯ ಗಾಜಿನ ಆಕಾರವೇ ಪ್ರಭೆಯಾಗಿದೆ. ಇಪ್ಪತ್ತು ವರ್ಷ ಹಿಂದೆ ಆಕಾಶ ಒಡೆದು ಬರುತ್ತಿದ್ದ ಬೆಳಕು ಈಗ ಮನೆಯ ಕಿಟಕಿಯಿಂದ ಬರುತ್ತದೆ.

ಅದೇ ವರ್ಷದ ಇನ್ನೊಂದು ಚಿತ್ರ ಪ್ರಭುವಿನ ದೇಹವನ್ನು ಶಿಲುಬೆಯಿಂದ ಇಳಿಸುವ ದೃಶ್ಯ. ರಾತ್ರಿ, ಒಂದೇ ಒಂದು ಪಂಜಿನ ಬೆಳಕು. ದೇಹವನ್ನು ಆಧರಿಸಲು ಕತ್ತಲೆಯೊಳಗಿಂದ ಒಂದು ಕೈ ಮಾತ್ರ ಮೇಲಕ್ಕೆದ್ದು ಬೆಳಕಿಗೆ ಸಿಕ್ಕಿದೆ. ಆ ಕೈ ಯಾರದೆಂದು ಗುರುತಿಸುವಂತಿಲ್ಲ. ಶಿಲುಬೆ ಹಾದಿಯ 13ನೇ ಸ್ಥಳದಲ್ಲಿ ನಿಂತಾಗ ಆ ಕೈಯನ್ನು ನೆನೆಯಿರಿ. ಹೆಸರು ಬರೆಸಿಕೊಳ್ಳದೆ ದುಃಖಿತರಿಗೆ ಹೆಗಲು ಕೊಟ್ಟವರೆಲ್ಲರ ಕೈ ಅದು.

ನಮ್ಮ ನಾಡಿನಿಂದ ಹೋದ ಚಿತ್ರಗಳು

ಈ ಕಥೆಯಲ್ಲಿ ಭಾರತದ ಪಾಲೂ ಇದೆಯೆಂದರೆ ನಿಮಗೆ ಆಶ್ಚರ್ಯವಾಗಬಹುದು. 1580ರಲ್ಲಿ ಫತೇಪುರ್ ಸಿಕ್ರಿಗೆ ಹೋದ ಯೇಸುಸಭೆಯ ಗುರುಗಳು ಅಕ್ಬರ್ ಚಕ್ರವರ್ತಿಗೆ ಆಂಟ್‌ವರ್ಪ್‌ನಲ್ಲಿ ಅಚ್ಚಾದ ಬೈಬಲ್ಲನ್ನು ಕೊಟ್ಟರು. ಅದರಲ್ಲಿದ್ದಂಥ ಅಚ್ಚುಚಿತ್ರಗಳನ್ನು ಮೊಗಲ್ ಕಲಾವಿದರು ಆಸಕ್ತಿಯಿಂದ ನಕಲು ಮಾಡಿದರು. ಮುಂದೆ ಮೊಗಲ್ ಆಸ್ಥಾನದ ಚಿತ್ರಗಳು ಹಡಗೇರಿ ಹಾಲೆಂಡಿಗೆ ಹೋದವು. ಅವುಗಳಲ್ಲಿ ಕೆಲವನ್ನು ರೆಂಬ್ರಾಂಟ್ 1656ರ ಸುಮಾರಿಗೆ ಜಪಾನಿ ಕಾಗದದ ಮೇಲೆ ಶ್ರದ್ಧೆಯಿಂದ ನಕಲು ಮಾಡಿದ. ಅಂಥ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಇಂದಿಗೂ ಉಳಿದಿವೆ.

ಅವುಗಳಲ್ಲೊಂದರಲ್ಲಿ ನಾಲ್ವರು ಹಿರಿಯರು ಮರದಡಿಯಲ್ಲಿ ನೆಲದ ಮೇಲೆ ಹಾಸಿದ ಜಮಖಾನೆಯಲ್ಲಿ ಕುಳಿತಿದ್ದಾರೆ. ಅದೇ ಜೋಡಣೆಯನ್ನು ಆತ 1656ರ ಒಂದು ಅಚ್ಚುಚಿತ್ರಕ್ಕೆ ಬಳಸಿದ. ಪಿತಾಮಹ ಅಬ್ರಹಾಮ ಮೂವರು ಅತಿಥಿಗಳನ್ನು ಸತ್ಕರಿಸುವ ಪ್ರಸಂಗ ಅದು. ಅತಿಥಿಗಳು ನಮ್ಮವರಂತೆ ನೆಲದ ಮೇಲೆ ಕುಳಿತು ಉಣ್ಣುತ್ತಾರೆ. ಬಾಗಿಲ ಹಿಂದಿನ ನೆರಳಿನಲ್ಲಿ ಸಾರಾ ನಿಂತು ಕೇಳಿಸಿಕೊಳ್ಳುತ್ತಾಳೆ. ಆಂಟ್‌ವರ್ಪ್‌ನಿಂದ ಭಾರತಕ್ಕೆ ಬಂದ ಬೈಬಲ್ಲಿನ ಚಿತ್ರಗಳಿಗೆ ಭಾರತ ಹೀಗೆ ತನ್ನದೇ ಕಾಣಿಕೆಯನ್ನು ಹಿಂದಿರುಗಿಸಿತು.

ಬರಿಗೈಯ ದಿನಗಳು

ಅದೇ 1656ರಲ್ಲಿ ರೆಂಬ್ರಾಂಟ್ ಸಾಲ ತೀರಿಸಲಾರದೆ ತನ್ನ ಸೊತ್ತನ್ನೆಲ್ಲ ಸಾಲಗಾರರಿಗೆ ಒಪ್ಪಿಸಿದ. ಅಧಿಕಾರಿಗಳು ಕೋಣೆಯಿಂದ ಕೋಣೆಗೆ ಹೋಗಿ 363 ಬಾಬುಗಳ ಪಟ್ಟಿ ಮಾಡಿದರು. ಒಂದೊಂದಾಗಿ ಎಲ್ಲವೂ ಹರಾಜಾದವು. 13,000 ಗಿಲ್ಡರ್‌ನ ಮನೆ 1658ರಲ್ಲಿ 11,218 ಗಿಲ್ಡರ್‌ಗೆ ಹೋಯಿತು. ಕುಟುಂಬ ಬಡವರೇ ಹೆಚ್ಚಾಗಿದ್ದ ಬಡಾವಣೆಯ ಬಾಡಿಗೆ ಮನೆಗೆ ಬಂತು. ಸಭೆ ಹೊರಗಿಟ್ಟಿದ್ದ ಹೆಂಡ್ರಿಕ್ಯೆಯೂ ಮಗ ಟೈಟಸನೂ ಸೇರಿ 1660ರಲ್ಲಿ ಚಿತ್ರ ವ್ಯಾಪಾರವೊಂದನ್ನು ತಮ್ಮ ಹೆಸರಿನಲ್ಲಿ ನಡೆಸಿ, ರೆಂಬ್ರಾಂಟನನ್ನೇ ಅದರಲ್ಲಿ ಕೆಲಸಗಾರನಾಗಿ ಇಟ್ಟುಕೊಂಡರು. ಸಾಲಗಾರರಿಂದ ಅವನನ್ನು ಕಾಪಾಡಲು ಅವರು ಕಂಡುಕೊಂಡ ಉಪಾಯ ಅದು. ತಾನು ಮದುವೆಯ ಮರ್ಯಾದೆಯನ್ನು ಕೊಡದಿದ್ದ ಹೆಣ್ಣೇ ಅವನಿಗೆ ಆಸರೆಯಾದಳು.

1662ರಲ್ಲಿ ಹಣಕ್ಕಾಗಿ ಸಾಸ್ಕಿಯಾಳ ಸಮಾಧಿಸ್ಥಳವನ್ನೂ ಮಾರಬೇಕಾಯಿತು. 1663ರಲ್ಲಿ ಹೆಂಡ್ರಿಕ್ಯೆ ಕಣ್ಣುಮುಚ್ಚಿದಳು. 1668ರ ಫೆಬ್ರವರಿಯಲ್ಲಿ ಟೈಟಸನ ಮದುವೆಯಾಯಿತು. ಸೆಪ್ಟೆಂಬರಿನಲ್ಲಿ ಅವನೂ ತೀರಿಕೊಂಡ. ಅವನ ಮಗಳು ಹುಟ್ಟಿದ್ದು ತಂದೆ ಸತ್ತ ಮೇಲೆ.

ಮರಳಿ ಬಂದ ಮಗ

ಯೌವನದಲ್ಲಿ ರೆಂಬ್ರಾಂಟ್ ತನ್ನನ್ನೂ ಸಾಸ್ಕಿಯಾಳನ್ನೂ ಒಂದು ತೈಲಚಿತ್ರದಲ್ಲಿ ಬರೆದಿದ್ದ. ಪಾನಗೃಹದಲ್ಲಿ ಗ್ಲಾಸೆತ್ತಿ ನಗುವ ದುಂದುಗಾರ ಮಗನ ವೇಷ ಅವನದು. 1636ರಲ್ಲಿ ಅದೇ ಸಾಮತಿಯ ಕೊನೆಯನ್ನು ಅಚ್ಚುಚಿತ್ರವಾಗಿ ಮಾಡಿದ. ತಂದೆ ಅವಸರದಿಂದ ಮೆಟ್ಟಿಲಿಳಿದು ಬಂದು, ಎಲುಬು ಗೂಡಾದ ಮಗನ ಮೇಲೆ ಬಾಗುತ್ತಾನೆ. ಮನೆಯ ಕಿಟಕಿಯನ್ನು ತೆರೆದು ಯಾರೋ ನೋಡುತ್ತಾರೆ. ಎಲ್ಲವೂ ಓಡಾಟ, ಎಲ್ಲವೂ ಸದ್ದು.

ಬದುಕಿನ ಕೊನೆಯಲ್ಲಿ, ಸುಮಾರು 1668ರಲ್ಲಿ, ಆತ ಅದೇ ಪ್ರಸಂಗವನ್ನು ಎತ್ತರದ ತೈಲಚಿತ್ರವಾಗಿ ಬರೆದ. ಅದು ಇಂದು ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಓಟವಿಲ್ಲ, ಸದ್ದಿಲ್ಲ. ಸವೆದ ಚಪ್ಪಲಿಯ ಮಗ ಮೊಣಕಾಲೂರಿ ತಂದೆಯ ಎದೆಯಲ್ಲಿ ಮುಖವಿಟ್ಟಿದ್ದಾನೆ. ಮಂಜುಗಣ್ಣಿನ ತಂದೆಯ ಎರಡು ಕೈಗಳು ಮಗನ ಬೆನ್ನ ಮೇಲಿವೆ. ಬೆಳಕೆಲ್ಲ ಅಲ್ಲಿದೆ. ಕಥೋಲಿಕ ಗುರುಗಳಾದ ಹೆನ್ರಿ ನೌವೆನ್ ಈ ಒಂದೇ ಚಿತ್ರವನ್ನು ಧ್ಯಾನಿಸಿ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಯೌವನದಲ್ಲಿ ದುಂದುಗಾರ ಮಗನ ವೇಷ ಹಾಕಿದವನು ಮುಪ್ಪಿನಲ್ಲಿ ನಿಜವಾಗಿಯೂ ಆ ಮಗನಾಗಿ ಮನೆಗೆ ಬಂದನೆಂದು ನಮಗೆ ಅನ್ನಿಸಿದರೆ ತಪ್ಪಲ್ಲ.

1669ರ ಅಕ್ಟೋಬರ್ 4ರಂದು ರೆಂಬ್ರಾಂಟ್ ತೀರಿಕೊಂಡ. ವೆಸ್ಟರ್ಕೆರ್ಕ್ ದೇವಾಲಯದಲ್ಲಿ, ಗುರುತಿಲ್ಲದ ಬಾಡಿಗೆ ಸಮಾಧಿಯಲ್ಲಿ ಅವನನ್ನು ಮಣ್ಣುಮಾಡಿದರು. ಅವನ ಕೋಣೆಯಲ್ಲಿ ಇನ್ನೂ ಮುಗಿಯದ ಒಂದು ಚಿತ್ರವಿತ್ತು. ವೃದ್ಧ ಸಿಮೆಯೋನನು ಬಾಲ ಯೇಸುವನ್ನು ತೋಳುಗಳ ಮೇಲೆ ಹಿಡಿದಿರುವ ಚಿತ್ರ ಅದು. ಮುದುಕನ ಕಣ್ಣುಗಳು ಮುಚ್ಚಿದಂತಿವೆ. ಮಗುವನ್ನು ಬಿಗಿಯಾಗಿ ಹಿಡಿಯಲೂ ತಿಳಿಯದವನಂತೆ ಕೈಗಳನ್ನು ಚಾಚಿದ್ದಾನೆ. ಧರ್ಮಸಭೆ ಪ್ರತಿ ರಾತ್ರಿ ಮಲಗುವ ಮುನ್ನ ಹಾಡುವುದು ಇದೇ ಸಿಮೆಯೋನನ ಪ್ರಾರ್ಥನೆಯನ್ನು.

ಪ್ರಿಯ ಓದುಗರೇ, ರೆಂಬ್ರಾಂಟನ ಅಚ್ಚುಚಿತ್ರಗಳ ಪ್ರತಿರೂಪಗಳು ಗ್ರಂಥಾಲಯದ ಕಲಾಪುಸ್ತಕಗಳಲ್ಲಿ ಸಿಗುತ್ತವೆ. ಒಂದು ಸಂಜೆ ಜಪಸರ ಮುಗಿದ ಮೇಲೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೂರು ಗಿಲ್ಡರ್‌ನ ಚಿತ್ರವನ್ನು ನೋಡಿ. ಯಾರು ಬೆಳಕಿನಲ್ಲಿದ್ದಾರೆ, ಯಾರು ಕತ್ತಲೆಯಿಂದ ಬರುತ್ತಿದ್ದಾರೆ, ಪ್ರಾರ್ಥಿಸುವ ಕೈಗಳ ನೆರಳು ಎಲ್ಲಿ ಬಿದ್ದಿದೆ ಎಂದು ಅವರೇ ಹುಡುಕಲಿ. ಆಮೇಲೆ ಆ ಗುಂಪಿನಲ್ಲಿ ನಮ್ಮ ಮನೆಯವರು ಎಲ್ಲಿ ನಿಂತಿದ್ದೇವೆಂದು ಒಟ್ಟಾಗಿ ಕೇಳಿಕೊಳ್ಳಿ. ನಮ್ಮ ಕೈ ಎಷ್ಟೇ ಕಪ್ಪು ಗೆರೆಗಳನ್ನು ಎಳೆದಿದ್ದರೂ, ದೇವರು ಕೊಟ್ಟ ಬಿಳಿಯ ಕಾಗದ ಅವುಗಳ ಅಡಿಯಲ್ಲಿ ಇನ್ನೂ ಇದೆ.